ಮೋಟರ್‌ಹೋಮ್ ಹಿಂದೆ ಪಿಕಪ್, ನಾಲ್ಕೂ ಚಕ್ರ ನೆಲದ ಮೇಲೆ: ಯಾವ ಗಾಡಿ ಆಗುತ್ತೆ, ಯಾವುದು ಆಗಲ್ಲ?

ಮಂಡ್ಯ_ಟು_ಟ್ರೇಸಿ

ಎಲ್ಲರಿಗೂ ನಮಸ್ಕಾರ. ನಮ್ಮದು 31 ಅಡಿಯ ಕ್ಲಾಸ್ ಸಿ ಮೋಟರ್‌ಹೋಮ್, ಅಂದರೆ ವ್ಯಾನಿನ ಚಾಸಿ ಮೇಲೆ ಕಟ್ಟಿದ ಓಡುವ ಮನೆ. ಫೋರ್ಡ್ ಇ-450 ಚಾಸಿ, ವಿ10 ಎಂಜಿನ್. ಬೇಸಿಗೆಗೆ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಅವರನ್ನು ಕರೆದುಕೊಂಡು ಮೊಂಟಾನಾದ ಗ್ಲೇಷಿಯರ್ ನ್ಯಾಷನಲ್ ಪಾರ್ಕಿಗೆ ಹೋಗಬೇಕು ಅಂತಿದೆ. ಆದರೆ ಅಲ್ಲಿನ ಗೋಯಿಂಗ್-ಟು-ದ-ಸನ್ ರಸ್ತೆಯಲ್ಲಿ ಅವಲಾಂಚ್ ಅನ್ನುವ ಜಾಗ ದಾಟಿದ ಮೇಲೆ ರೈಸಿಂಗ್ ಸನ್ ಅನ್ನುವ ಜಾಗದವರೆಗೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. 8 ಅಡಿಗಿಂತ ಅಗಲ ಇದ್ದರೂ ಇಲ್ಲ. ಹಾಗಾಗಿ ಹಿಂದೆ ಒಂದು ಚಿಕ್ಕ ಗಾಡಿ ಎಳೆದುಕೊಂಡು ಹೋಗಲೇಬೇಕು.

ಮನೆಯಲ್ಲಿ ಒಂದು 2005ರ ಫೋರ್ಡ್ ರೇಂಜರ್ ಪಿಕಪ್ ಇದೆ. ಆಟೊಮ್ಯಾಟಿಕ್, ಹಿಂದಿನ ಚಕ್ರಕ್ಕೆ ಮಾತ್ರ ಪವರ್. ತೋಟಕ್ಕೆ ಮಣ್ಣು, ಹಲಗೆ ತರುವುದು ಬಿಟ್ಟರೆ ಸುಮ್ನೆ ನಿಂತಿರುತ್ತದೆ. ಟ್ರೇಲರ್ ಬೇಡ, ಅದನ್ನು ನಿಲ್ಲಿಸುವ ಜಾಗ ಹುಡುಕುವುದೇ ಇನ್ನೊಂದು ತಲೆನೋವು. ಗೇರ್ ನ್ಯೂಟ್ರಲ್‌ಗೆ ಹಾಕಿ, ಮುಂದೆ ಟೋ ಬಾರ್ (ಎರಡೂ ಗಾಡಿ ಸೇರಿಸುವ ಕಬ್ಬಿಣದ ತೋಳು) ಸಿಕ್ಕಿಸಿ ಎಳೆದರೆ ಆಗುತ್ತೆ ಅಲ್ವಾ? ಟೋ ಬಾರ್ ಅಂಗಡಿಯವನಂತೂ "ಯಾವ ಗಾಡಿ ಆದರೂ ಆಗುತ್ತೆ" ಅಂದ.

ಗ್ಯಾರೇಜ್_ಗಂಗಾವತಿ

ಟೋ ಬಾರ್ ಮಾರುವವನಿಗೆ ಯಾವ ಗಾಡಿ ಆದರೂ ಆಗುತ್ತೆ ಸರ್. ಗೇರ್‌ಬಾಕ್ಸಿಗೆ ಆಗಲ್ಲ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಎಣ್ಣೆ ತಳ್ಳುವ ಪಂಪ್ ಎಂಜಿನ್ ಕಡೆಯಿಂದ ತಿರುಗುತ್ತದೆ. ಎಂಜಿನ್ ಆಫ್ ಅಂದ್ರೆ ಪಂಪ್ ಆಫ್. ಆದರೆ ನೀವು ಎಳೆಯುತ್ತಾ ಇದ್ದರೆ ಹಿಂದಿನ ಚಕ್ರ ತಿರುಗಿ, ಪ್ರೊಪೆಲ್ಲರ್ ಶಾಫ್ಟ್ ತಿರುಗಿ, ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟೂ ತಿರುಗುತ್ತಲೇ ಇರುತ್ತದೆ. ಎಣ್ಣೆ ಮಾತ್ರ ಹೋಗುವುದಿಲ್ಲ. ನೀರು ಹಾಕದೆ ಗ್ರೈಂಡರ್ ಓಡಿಸಿದ ಹಾಗೆ. ಗೇರ್ ಲಿವರ್ ನ್ಯೂಟ್ರಲ್‌ನಲ್ಲಿ ಇದೆ ಅಂದರೆ ಒಳಗೆ ಏನೂ ತಿರುಗುತ್ತಿಲ್ಲ ಅಂತ ಅರ್ಥ ಅಲ್ಲ. ಹಾಳಾಗುವಾಗ ಸದ್ದು ಕೂಡ ಬರುವುದಿಲ್ಲ, ಬಂದರೂ ಮೂವತ್ತು ಅಡಿ ಮುಂದೆ ಕೂತ ನಿಮಗೆ ಕೇಳುವುದಿಲ್ಲ. ಊರು ಸೇರಿ ಗಾಡಿ ಸ್ಟಾರ್ಟ್ ಮಾಡಿ ಡ್ರೈವ್‌ಗೆ ಹಾಕಿದಾಗಲೇ ಗೊತ್ತಾಗುವುದು.

ಕ್ಯಾಲಿಫೋರ್ನಿಯಾದ ಟ್ರೇಸಿಯಿಂದ ಗ್ಲೇಷಿಯರ್ ಸಾವಿರ ಮೈಲಿಗೂ ಜಾಸ್ತಿ. ಹೀಗೆ ಎಳೆಯಬೇಡಿ.

ಮಂಡ್ಯ_ಟು_ಟ್ರೇಸಿ

ಅಯ್ಯೋ. ಹಾಗಾದರೆ ಮ್ಯಾನುಯಲ್ ಗೇರಿನ ರೇಂಜರ್ ಒಂದು ಹುಡುಕಿದರೆ? ಹಳೇದು ಸಸ್ತಾಕ್ಕೆ ಸಿಗುತ್ತದೆ.

ಕುಂದಾಪ್ರ_ಆಸ್ಟಿನ್

ಮಾರಾಯ್ರೆ, ಗೇರ್ ಆಮೇಲೆ. ನೀವು, ಹೆಂಡತಿ, ಅಪ್ಪ, ಅಮ್ಮ, ಮಗು ಅಂದರೆ ಐದು ಜನ. ಆ ರೇಂಜರ್‌ನಲ್ಲಿ ಐದು ಜನ ಎಲ್ಲಿ ಕೂರುವುದು? ಹಿಂದೆ ಮಣ್ಣು ಹಾಕುವ ಜಾಗದಲ್ಲಿ ಅಪ್ಪ ಅಮ್ಮನನ್ನು ಕೂರಿಸಿದರೆ ಗೇರ್‌ಬಾಕ್ಸಿಗಿಂತ ಮುಂಚೆ ಬೇರೆ ಏನೋ ಸುಟ್ಟುಹೋಗುತ್ತದೆ.

ಮಂಡ್ಯ_ಟು_ಟ್ರೇಸಿ

😄 ಒಪ್ಪಿದೆ ಅಣ್ಣ. ನಾಲ್ಕು ಬಾಗಿಲಿನ ಪಿಕಪ್ಪೇ ನೋಡಬೇಕು. ಸೈಕಲ್, ಜನರೇಟರ್ ಹಾಕಲು ಪಿಕಪ್ಪೇ ಬೇಕು, ಕಾರ್ ಅಲ್ಲ. ಆದರೂ ಮ್ಯಾನುಯಲ್ ವಿಷಯ ತಿಳಿದುಕೊಳ್ಳೋಣ ಅಂತ.

ಗ್ಯಾರೇಜ್_ಗಂಗಾವತಿ

ಮ್ಯಾನುಯಲ್ ಅಂದ ಕೂಡಲೇ ಕಣ್ಣು ಮುಚ್ಚಿ ಎಳೆಯಬಹುದು ಅಂತ ತುಂಬಾ ಜನ ನಂಬಿದ್ದಾರೆ. ಪೂರ್ತಿ ನಿಜ ಅಲ್ಲ.

ಹಿಂದಿನ ಚಕ್ರಕ್ಕೆ ಪವರ್ ಇರುವ ಪಿಕಪ್‌ನ ಮ್ಯಾನುಯಲ್ ಗೇರ್‌ಬಾಕ್ಸಿನಲ್ಲಿ ಕೆಳಗೆ ಒಂದು ಶಾಫ್ಟ್ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದು ತಿರುಗುವಾಗ ಎಣ್ಣೆ ಮೇಲಕ್ಕೆ ಚಿಮ್ಮಿ ಬೇರಿಂಗುಗಳಿಗೆ ಸಿಗುತ್ತದೆ. ಆ ಶಾಫ್ಟ್ ತಿರುಗುವುದು ಎಂಜಿನ್ ಕಡೆಯ ಗೇರಿನಿಂದ. ನ್ಯೂಟ್ರಲ್‌ನಲ್ಲಿ ಎಳೆದಾಗ ಮೇಲಿನ ಔಟ್‌ಪುಟ್ ಶಾಫ್ಟ್ ಮಾತ್ರ ತಿರುಗುತ್ತದೆ, ಕೆಳಗಿನದು ನಿಂತೇ ಇರುತ್ತದೆ. ಕೆಲವು ಗೇರ್‌ಬಾಕ್ಸುಗಳು ಇದನ್ನು ತಡೆದುಕೊಳ್ಳುತ್ತವೆ, ಕೆಲವು ತಡೆಯುವುದಿಲ್ಲ. ಯಾವುದು ತಡೆಯುತ್ತದೆ ಅಂತ ಹೇಳುವ ಹಕ್ಕು ಇರುವುದು ಗಾಡಿ ಜೊತೆ ಬರುವ ಓನರ್ಸ್ ಮ್ಯಾನುಯಲ್‌ಗೆ ಮಾತ್ರ. ನನಗೂ ಇಲ್ಲ, ಯೂಟ್ಯೂಬ್‌ಗೂ ಇಲ್ಲ. ಅದರಲ್ಲಿ "ರಿಕ್ರಿಯೇಷನಲ್ ಟೋಯಿಂಗ್" ಅಥವಾ "ಡಿಂಗಿ ಟೋಯಿಂಗ್" ಅನ್ನುವ ಭಾಗ ಹುಡುಕಿ. ನಿಮ್ಮದೇ ವರ್ಷ, ನಿಮ್ಮದೇ ಎಂಜಿನ್, ನಿಮ್ಮದೇ ಗೇರ್‌ಬಾಕ್ಸ್‌ದು ನೋಡಿ.

ಪಿಕಪ್ ಹುಡುಕುವವರಿಗೆ ಇರುವ ನೇರ ದಾರಿ ಫೋರ್ ವೀಲ್ ಡ್ರೈವ್, ಅಂದರೆ 4x4. ಅದರಲ್ಲಿ ಗೇರ್‌ಬಾಕ್ಸ್ ಆದಮೇಲೆ ಟ್ರಾನ್ಸ್‌ಫರ್ ಕೇಸ್ ಅಂತ ಇನ್ನೊಂದು ಡಬ್ಬಿ ಇರುತ್ತದೆ. ಅದಕ್ಕೆ ತನ್ನದೇ ನ್ಯೂಟ್ರಲ್ ಇದ್ದರೆ ಮುಂದಿನ ಶಾಫ್ಟ್, ಹಿಂದಿನ ಶಾಫ್ಟ್ ಎರಡೂ ಗೇರ್‌ಬಾಕ್ಸಿನಿಂದ ಬಿಡುಗಡೆ. ಚಕ್ರ ಎಷ್ಟು ತಿರುಗಿದರೂ ಗೇರ್‌ಬಾಕ್ಸ್ ಆರಾಮಾಗಿ ನಿಂತಿರುತ್ತದೆ. ಟ್ರಾನ್ಸ್‌ಫರ್ ಕೇಸಿಗೆ ಬೇರೆ ಎಣ್ಣೆ, ಅದನ್ನು ತಿರುಗುವ ಔಟ್‌ಪುಟ್ ಶಾಫ್ಟೇ ಓಡಾಡಿಸುತ್ತದೆ.

ಈಗ ಗಮನಿಸಿ. "ಫೋರ್ ವೀಲ್ ಡ್ರೈವ್" ಅಂತ ಬರೆದಿದ್ದರೆ ಸಾಲದು. ನ್ಯೂಟ್ರಲ್ ಇರಬೇಕು. ನಿಮ್ಮ ಹಳೇ ರೇಂಜರ್‌ನದೇ ಫೋರ್ ವೀಲ್ ಮಾದರಿ ತಗೊಳ್ಳಿ. ನೆಲದಲ್ಲಿ ಲಿವರ್ ಇದ್ದರೆ ಎನ್ (ನ್ಯೂಟ್ರಲ್) ಅಂತ ಜಾಗ ಇರುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ತಿರುಗಿಸುವ ಗುಂಡಿ ಇದ್ದರೆ 2ಎಚ್ (ಎರಡು ಚಕ್ರ), 4ಎಚ್ (ನಾಲ್ಕು ಚಕ್ರ), 4ಎಲ್ (ನಾಲ್ಕು ಚಕ್ರ, ನಿಧಾನದ ಗೇರ್) ಮಾತ್ರ, ಎನ್ ಇಲ್ಲ. ಒಂದೇ ಗಾಡಿ, ಒಂದೇ ವರ್ಷ, ಒಂದು ಆಗುತ್ತೆ ಒಂದು ಆಗಲ್ಲ. 2019ರ ನಂತರ ಬಂದ ಹೊಸ ರೇಂಜರ್ 4x4ನಲ್ಲಿ ಮತ್ತೆ ಬೇರೆ ಕಥೆ, ಅಲ್ಲಿ ಲಿವರ್ ಇಲ್ಲದಿದ್ದರೂ ಎಳೆಯುವುದಕ್ಕೆ ಅಂತಲೇ ನ್ಯೂಟ್ರಲ್ ಕೊಟ್ಟಿದ್ದಾರೆ.

ನಾಲ್ಕು ಬಾಗಿಲಿನದು ಬೇಕು ಅಂದರೆ ಜೀಪ್ ಗ್ಲಾಡಿಯೇಟರ್, ಷೆವಿ ಕೊಲೊರಾಡೊ 4x4, ಹೊಸ ರೇಂಜರ್ 4x4 ನೋಡಿ. ಕೊಲೊರಾಡೊ ಟೂ ವೀಲ್ ಡ್ರೈವ್ ಬೇಡವೇ ಬೇಡ.

ಮೈಸೂರ್‌ಪಾಕ್_ಫೀನಿಕ್ಸ್

ಗಂಗಾವತಿ ಸರ್ ಹೇಳಿದ್ದು ಸರಿ. ಆದರೆ ಗಾಡಿ ಕೊಳ್ಳುವ ಮುಂಚೆ ಲೆಕ್ಕ ಮಾಡಿಕೊಳ್ಳಿ. ನಮ್ಮ ಜನ ಪೆಟ್ರೋಲ್ ಲೆಕ್ಕ ಎರಡು ಸಲ ಮಾಡುತ್ತಾರೆ, ತೂಕದ ಲೆಕ್ಕ ಮಾಡುವುದಿಲ್ಲ.

ಇ-450ಗೆ ಫೋರ್ಡ್ ಕೊಟ್ಟ ಮಿತಿ ಗಾಡಿಗಷ್ಟೇ 14,500 ಪೌಂಡ್. ಹಿಂದಿನ ಗಾಡಿಯನ್ನೂ ಸೇರಿಸಿ 22,000 ಪೌಂಡ್. ಕಳೆದರೆ 7,500 ಸಿಗುತ್ತೆ, ಏನು ಬೇಕಾದರೂ ಎಳೆಯಬಹುದು ಅನ್ನಿಸುತ್ತದೆ. ಹಾಗಲ್ಲ. ಮೋಟರ್‌ಹೋಮ್ ಹಿಂದೆ ಇರುವ ಹಿಚ್, ಅಂದರೆ ಟೋ ಬಾರ್ ಸಿಕ್ಕಿಸುವ ಕೊಂಡಿ ನೋಡಿ. ಚಾಸಿ ಮೇಲೆ ಮನೆ ಭಾಗ ಕಟ್ಟಿದ ಕಂಪನಿ ಎಷ್ಟೋ ಸಲ 5,000 ಪೌಂಡಿನ ಹಿಚ್ ಹಾಕಿರುತ್ತದೆ. ಆಮೇಲೆ ಟೋ ಬಾರ್‌ಗೆ ಒಂದು ಮಿತಿ, ಬೇಸ್‌ಪ್ಲೇಟ್‌ಗೆ (ಟೋ ಬಾರ್ ಸಿಕ್ಕಿಸಲು ಪಿಕಪ್ ಮುಂದೆ ಕೂರಿಸುವ ಚೌಕಟ್ಟು) ಒಂದು ಮಿತಿ, ಎತ್ತರ ಸರಿಮಾಡಲು ನಡುವೆ ಹಾಕುವ ತುಂಡಿಗೂ ಒಂದು ಮಿತಿ. ಇದ್ದುದರಲ್ಲಿ ಯಾವುದು ಚಿಕ್ಕದೋ ಅದೇ ನಿಮ್ಮ ಮಿತಿ.

ಗ್ಲಾಡಿಯೇಟರ್ ಖಾಲಿ ಇದ್ದರೂ 4,600 ಪೌಂಡ್ ದಾಟುತ್ತದೆ. ಅದರ ಹಿಂದೆ ಜನರೇಟರ್, ಸೈಕಲ್, ಅಮ್ಮ ತಂದ ಉಪ್ಪಿನಕಾಯಿ ಡಬ್ಬ ಎಲ್ಲ ಹಾಕಿದರೆ 5,000 ಹಿಚ್ ಮುಗಿಯಿತು. ಹಿಚ್‌ನ ಮೇಲೆ ಸ್ಟಿಕ್ಕರ್ ಅಂಟಿಸಿರುತ್ತಾರೆ, ಬಗ್ಗಿ ಓದಿ.

ಮತ್ತೆ ಮೋಟರ್‌ಹೋಮ್ ಅನ್ನು ನೀರು, ಗ್ಯಾಸ್, ಬಟ್ಟೆ, ಜನ ಎಲ್ಲ ತುಂಬಿಸಿ ತೂಕ ಹಾಕಿಸಿ. ಹೆದ್ದಾರಿಯ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ಗಾಡಿ ತೂಗುವ ತಕ್ಕಡಿ ಇರುತ್ತದೆ. ಆಕ್ಸಲ್ ಆಕ್ಸಲ್‌ಗೆ ಬೇರೆ ಬೇರೆ ತೂಕ ಬರೆದುಕೊಡುತ್ತಾರೆ. 31 ಅಡಿ ಕ್ಲಾಸ್ ಸಿ ಗಾಡಿಗಳಲ್ಲಿ ಹಿಂದಿನ ಚಕ್ರದ ಆಚೆ ಚಾಚಿರುವ ಭಾಗ ಜಾಸ್ತಿ. ಸಾಮಾನೆಲ್ಲ ಅಲ್ಲೇ ತುಂಬಿಸಿದರೆ ಹಿಂದಿನ ಆಕ್ಸಲ್ ಮಿತಿ ಸದ್ದಿಲ್ಲದೆ ದಾಟಿರುತ್ತದೆ.

ಹಾಸನ_ಹುಡುಗ

ನಾನು ಊರಲ್ಲೇ ಇರೋದು, ಸುಮ್ನೆ ಓದ್ತಾ ಇದ್ದೆ. ಇಲ್ಲೂ ಟೆಂಪೊ ಟ್ರಾವೆಲರ್‌ನ ಕ್ಯಾರವಾನ್ ಮಾಡಿಸಿ ಹಿಂದೆ ಬೊಲೆರೊ ಕ್ಯಾಂಪರ್ ಕಟ್ಟಿಕೊಂಡು ಸಕಲೇಶಪುರ ಹತ್ತಬಹುದಾ ಅಣ್ಣ?

ಗ್ಯಾರೇಜ್_ಗಂಗಾವತಿ

ತಮ್ಮಾ, ನಮ್ಮ ದೇಶದ ರಸ್ತೆ ನಿಯಮದಲ್ಲಿ ಓಡುವ ಸ್ಥಿತಿಯಲ್ಲಿರುವ ಗಾಡಿಯನ್ನು ಇನ್ನೊಂದು ಗಾಡಿ ಎಳೆಯುವಂತಿಲ್ಲ. ಕೆಟ್ಟು ನಿಂತಿದ್ದು, ಪೂರ್ತಿ ಜೋಡಿಸದ ಗಾಡಿ, ನೋಂದಣಿ ಆದ ಟ್ರೇಲರ್, ಸೈಡ್ ಕಾರ್, ಇಷ್ಟೇ. ಅದೂ ಬಿಡು, ಶಿರಾಡಿ ಘಾಟಿಯಲ್ಲಿ ರಿವರ್ಸ್ ತೆಗೆಯಲಾಗದ ಗಾಡಿ ತಗೊಂಡು ಏನು ಮಾಡ್ತೀಯ?

ಹಾಸನ_ಹುಡುಗ

ರಿವರ್ಸ್ ಆಗಲ್ವಾ?!

ಕುಂದಾಪ್ರ_ಆಸ್ಟಿನ್

ಆಗಲ್ಲ. ಹೊಸಬರಿಗೆ ಇದನ್ನೇ ಮೊದಲು ಹೇಳಬೇಕು. ಎಳೆಯುವಾಗ ಹಿಂದಿನ ಗಾಡಿಯ ಸ್ಟೀರಿಂಗ್ ಲಾಕ್ ಆಗದೆ ಬಿಟ್ಟಿರುತ್ತದೆ, ಮುಂದಿನ ಚಕ್ರ ತಾನಾಗೇ ತಿರುವು ಹಿಡಿಯುತ್ತದೆ. ಮುಂದೆ ಹೋಗುವಾಗ ಚೆನ್ನ. ಹಿಂದೆ ತಳ್ಳಿದರೆ ಆ ಚಕ್ರಗಳು ಒಂದು ಪಕ್ಕಕ್ಕೆ ಪೂರ್ತಿ ತಿರುಗಿ ನಿಲ್ಲುತ್ತವೆ, ಗಾಡಿ ಅಡ್ಡಡ್ಡ ಬರುತ್ತದೆ, ಟೋ ಬಾರ್ ಬಾಗುತ್ತದೆ. ನಾಲ್ಕು ಅಡಿ ಹಿಂದೆ ಹೋಗಬೇಕಾದರೂ ಇಳಿದು ಬಿಚ್ಚಿಯೇ ಹೋಗಬೇಕು.

ಅದಕ್ಕೇ ಪೆಟ್ರೋಲ್ ಬಂಕ್ ಒಳಗೆ ಹೋಗುವ ಮುಂಚೆ ಹೊರಗೆ ಬರುವ ದಾರಿ ನೋಡಿಟ್ಟುಕೊಳ್ಳುವುದು. ಕ್ಯಾಂಪ್‌ಗ್ರೌಂಡ್ ಬುಕ್ ಮಾಡುವಾಗ ಪುಲ್-ಥ್ರೂ ಜಾಗ ಕೇಳಿ, ಅಂದರೆ ಒಂದು ಕಡೆ ಒಳಗೆ ಹೋಗಿ ಇನ್ನೊಂದು ಕಡೆ ನೇರ ಹೊರಗೆ ಬರುವಂಥದ್ದು. ಫೋನಿನ ಮ್ಯಾಪ್ ಹತ್ತಿರದ ದಾರಿ ಅಂತ ಗಲ್ಲಿಗೆ ನುಗ್ಗಿಸಿದರೆ ದೇವರೇ ಗತಿ.

ಬಿಚ್ಚುವುದೂ ಸಮತಟ್ಟು ಜಾಗದಲ್ಲಿ, ಎರಡೂ ಗಾಡಿ ನೇರ ಇರುವಾಗ. ವಾರೆಯಾಗಿ ನಿಂತರೆ ಟೋ ಬಾರ್ ತೋಳಿನ ಪಿನ್ ಬಿಗಿಯಾಗಿ ಕೂತುಬಿಡುತ್ತದೆ. ಬ್ಲೂ ಆಕ್ಸ್, ರೋಡ್‌ಮಾಸ್ಟರ್, ಡೆಮ್ಕೊ ಮೂವರ ಹತ್ತಿರವೂ ಬಿಗಿಯಿದ್ದಾಗಲೂ ಬಿಡಿಸಲು ಬರುವ ಲಿವರಿನ ಮಾದರಿಗಳಿವೆ. ಸ್ವಲ್ಪ ದುಡ್ಡು ಜಾಸ್ತಿ, ಆದರೆ ಮಳೆಯಲ್ಲಿ ಸುತ್ತಿಗೆ ಹಿಡಿದು ನಿಲ್ಲುವುದು ತಪ್ಪುತ್ತದೆ.

ಮಂಡ್ಯ_ಟು_ಟ್ರೇಸಿ

ಡಾಲಿ ಅಂತ ಒಂದು ಇದೆಯಲ್ಲ, ಮುಂದಿನ ಎರಡು ಚಕ್ರ ಎತ್ತಿ ಕೂರಿಸುವುದು? ಹಾಗಾದರೆ ನಮ್ಮ ರೇಂಜರ್‌ನೇ…

ಗ್ಯಾರೇಜ್_ಗಂಗಾವತಿ

ರೇಂಜರ್ ಬಿಡಲ್ಲ ನೀವು 🙂 ಡಾಲಿ ಮೇಲೆ ಏರುವುದು ಮುಂದಿನ ಚಕ್ರ. ನಿಮ್ಮ ಗಾಡಿಯ ಗೇರ್‌ಬಾಕ್ಸನ್ನು ತಿರುಗಿಸುವುದು ಹಿಂದಿನ ಚಕ್ರ. ಅದು ನೆಲದ ಮೇಲೇ ಇದೆಯಲ್ಲ? ಡಾಲಿ ಒಳ್ಳೆಯದು ಮುಂದಿನ ಚಕ್ರಕ್ಕೆ ಪವರ್ ಇರುವ ಕಾರಿಗೆ. ನಿಮ್ಮ ರೇಂಜರ್ ಎಳೆಯಲೇಬೇಕು ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಬೇಕು. ಪ್ರತಿ ಸಲ ಗಾಡಿ ಕೆಳಗೆ ಮಲಗಿ ಬೋಲ್ಟ್ ಬಿಚ್ಚಿ, ಆಮೇಲೆ ಮತ್ತೆ ಹಾಕಿ, ರಜೆಗೆ ಹೋಗಿ ಯಾರಿಗೆ ಬೇಕು? ನಾಲ್ಕೂ ಚಕ್ರ ಎತ್ತುವ ಟ್ರೇಲರ್ ಆದರೆ ಯಾವ ಗಾಡಿಯೂ ಆಗುತ್ತದೆ, ಆದರೆ ಟ್ರೇಲರ್ ತೂಕವೂ ಫೀನಿಕ್ಸ್ ಮೇಡಂ ಹೇಳಿದ ಲೆಕ್ಕಕ್ಕೆ ಸೇರುತ್ತದೆ.

ಡೀಸೆಲ್_ಡೆಟ್ರಾಯಿಟ್

ಬ್ರೇಕ್ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ನಾನು ಶುರುಮಾಡುತ್ತೇನೆ.

ಮೋಟರ್‌ಹೋಮ್‌ನ ಬ್ರೇಕ್ ಅದರ ಸ್ವಂತ ತೂಕ, ಅಂದರೆ ನಿಮ್ಮದರಲ್ಲಿ 14,500 ನಿಲ್ಲಿಸಲು ಮಾಡಿದ್ದು. 22,000 ನಿಲ್ಲಿಸಲು ಅಲ್ಲ. ಹಿಂದೆ 4,500 ಪೌಂಡಿನ ಗಾಡಿ ತಳ್ಳುತ್ತಾ ಬರುವಾಗ ಅದಕ್ಕೂ ಬ್ರೇಕ್ ಬೇಕು. ಕಾನೂನು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನೀವು ಮೂರ್ನಾಲ್ಕು ರಾಜ್ಯ ದಾಟುತ್ತೀರಿ. ಕಾನೂನು ಹುಡುಕುತ್ತಾ ಕೂರುವ ಬದಲು ಹಾಕಿಸಿಬಿಡಿ.

ಸುಲಭದ್ದು ಪೆಟ್ಟಿಗೆ ಥರದ್ದು. ಡ್ರೈವರ್ ಸೀಟಿನ ಮುಂದೆ ಇಟ್ಟರೆ ಅದರ ತೋಳು ಬ್ರೇಕ್ ಪೆಡಲ್ ಹಿಡಿದುಕೊಳ್ಳುತ್ತದೆ. ಮುಂದಿನ ಗಾಡಿ ನಿಧಾನವಾದಾಗ ಅದಕ್ಕೆ ಗೊತ್ತಾಗಿ ಪೆಡಲ್ ಒತ್ತುತ್ತದೆ. ಇನ್ನೊಂದು ಥರದ್ದು ಪಿಕಪ್ ಒಳಗೇ ಖಾಯಂ ಕೂರಿಸುವುದು. ದುಡ್ಡು ಮತ್ತು ಕೂರಿಸುವ ಕೂಲಿ ಜಾಸ್ತಿ, ಆದರೆ ಪ್ರತಿ ಸಲ ಎತ್ತಿ ಇಡುವ ಕೆಲಸ ಇಲ್ಲ. ಏರ್ ಬ್ರೇಕ್ ಇರುವ ದೊಡ್ಡ ಡೀಸೆಲ್ ಗಾಡಿಯವರಿಗೆ ಆ ಗಾಳಿಯಿಂದಲೇ ನಡೆಯುವ ವ್ಯವಸ್ಥೆ ಇದೆ, ನನ್ನ ಹತ್ತಿರ ಇರುವುದು ಅದು. ನಿಮ್ಮ ಇ-450ಗೆ ಅದು ಬರುವುದಿಲ್ಲ.

ಪೆಟ್ಟಿಗೆ ಇಡುವಾಗ ಒಂದು ಸೂಕ್ಷ್ಮ. ಎಂಜಿನ್ ಆಫ್ ಮಾಡಿದ ಮೇಲೂ ಬ್ರೇಕ್ ಬೂಸ್ಟರ್‌ನಲ್ಲಿ ಸ್ವಲ್ಪ ವ್ಯಾಕ್ಯೂಮ್ ಉಳಿದಿರುತ್ತದೆ. ಪೆಡಲ್ ಗಟ್ಟಿಯಾಗುವವರೆಗೆ ನಾಲ್ಕಾರು ಸಲ ಒತ್ತಿ ಅದನ್ನು ಖಾಲಿ ಮಾಡಿ, ಆಮೇಲೆ ಪೆಟ್ಟಿಗೆ ಹೊಂದಿಸಿ. ಇಲ್ಲದಿದ್ದರೆ ಮೊದಮೊದಲು ಜೋರಾಗಿ ಹಿಡಿಯುತ್ತದೆ, ಆಮೇಲೆ ಹಿಡಿಯುವುದೇ ಇಲ್ಲ.

ತೀರಾ ಸೂಕ್ಷ್ಮಕ್ಕೆ ಇಟ್ಟರೆ ಇನ್ನೊಂದು ಅಪಾಯ. ಒಂದು ರೆಸ್ಟ್ ಏರಿಯಾದಲ್ಲಿ ಪಕ್ಕದವರ ಗಾಡಿಯ ಮುಂದಿನ ಚಕ್ರಗಳಿಂದ ಹೊಗೆ ಬರುತ್ತಿತ್ತು. ಇಳಿಜಾರು ಉದ್ದಕ್ಕೂ ಪೆಟ್ಟಿಗೆ ಪೆಡಲ್ ಬಿಟ್ಟೇ ಇರಲಿಲ್ಲ. ಮುಂದೆ ಕೂತವರಿಗೆ ಏನೂ ಗೊತ್ತಾಗಿರಲಿಲ್ಲ. ಅದಕ್ಕೇ ಬ್ರೇಕ್ ಹಿಡಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುವ ಚಿಕ್ಕ ದೀಪ ಬೇಕು. ಹಿಂದಿನ ಗಾಡಿಯ ಟೈರ್‌ಗೂ ಪ್ರೆಷರ್ ಸೆನ್ಸರ್ ಹಾಕಿ. ಅಲ್ಲಿ ಪಂಕ್ಚರ್ ಆದರೆ ನಿಮಗೆ ಸ್ಟೀರಿಂಗ್‌ನಲ್ಲಿ ಏನೂ ತಿಳಿಯುವುದಿಲ್ಲ.

ನೀವು ರೀನೊ ಕಡೆಯಿಂದ ಹೋದರೆ ಐ-80ರಲ್ಲಿ ಡಾನರ್ ಸಮ್ಮಿಟ್ ಸಿಗುತ್ತದೆ, 7,200 ಅಡಿ ಮೇಲೆ. ಹತ್ತುವುದು ದೊಡ್ಡದಲ್ಲ, ವಿ10 ಕಿರುಚುತ್ತಾ ಹತ್ತುತ್ತದೆ. ಇಳಿಯುವಾಗ ಟೋ/ಹಾಲ್ ಗುಂಡಿ (ಭಾರ ಎಳೆಯುವಾಗ ಬಳಸುವುದು) ಒತ್ತಿ ಎಂಜಿನ್ ಹಿಡಿತದಲ್ಲೇ ಇಳಿಯಿರಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ.

ಕೊನೆಗೆ ಬ್ರೇಕ್‌ಅವೇ ತಂತಿ. ಟೋ ಬಾರ್ ಕಳಚಿಕೊಂಡರೆ ಈ ತಂತಿ ಪಿನ್ ಎಳೆದು ಪಿಕಪ್ ಬ್ರೇಕ್ ಹಾಕಿಸುತ್ತದೆ. ಅದನ್ನು ಟೋ ಬಾರ್‌ಗೆ ಕಟ್ಟಬೇಡಿ, ಮೋಟರ್‌ಹೋಮ್‌ಗೇ ಕಟ್ಟಿ. ಸೇಫ್ಟಿ ಕೇಬಲ್‌ಗಳನ್ನು ಅಡ್ಡ ದಾಟಿಸಿ ಹಾಕಿ.

ಮೈಸೂರ್‌ಪಾಕ್_ಫೀನಿಕ್ಸ್

ಡೆಟ್ರಾಯಿಟ್ ಸರ್ ಹೇಳಿದ್ದಕ್ಕೆ ದೀಪದ ವಿಷಯ ಸೇರಿಸುತ್ತೇನೆ. ನಮ್ಮೆಜಮಾನ್ರು ಬಹಳ ತಲೆ ಕೆಡಿಸಿಕೊಂಡ ಭಾಗ ಇದು.

ಮೋಟರ್‌ಹೋಮ್‌ನ ಇಂಡಿಕೇಟರ್, ಬ್ರೇಕ್ ದೀಪ ಎರಡೂ ಪಿಕಪ್ ಹಿಂದೆಯೂ ಉರಿಯಬೇಕು. ಎರಡು ದಾರಿ. ಒಂದು, ಪಿಕಪ್‌ನದೇ ವೈರಿಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿ ಜೋಡಿಸುವುದು. ಡಯೋಡ್ ಇಲ್ಲದೆ ನೇರ ಜೋಡಿಸಿದರೆ ಕರೆಂಟ್ ವಾಪಸ್ ಹರಿದು ಬೇರೆಲ್ಲೋ ಸುಡುತ್ತದೆ. ಇನ್ನೊಂದು, ಹಿಂದಿನ ದೀಪದ ಗೂಡಿನಲ್ಲೇ ಬೇರೆ ಬಲ್ಬ್ ಕೂರಿಸುವುದು. ಈಗಿನ ಎಲ್‌ಇಡಿ ದೀಪದ ಗಾಡಿಗಳಲ್ಲಿ ಅದಕ್ಕೆ ಜಾಗ ಇರುವುದಿಲ್ಲ.

ಎಷ್ಟೋ ಅಮೆರಿಕನ್ ಪಿಕಪ್‌ಗಳಲ್ಲಿ ಇಂಡಿಕೇಟರ್, ಬ್ರೇಕ್ ಎರಡಕ್ಕೂ ಒಂದೇ ಕೆಂಪು ಬಲ್ಬ್. ಪೆಟ್ಟಿಗೆ ಪೆಡಲ್ ಒತ್ತಿದ ಕೂಡಲೇ ಪಿಕಪ್ ತನ್ನ ಬ್ರೇಕ್ ದೀಪ ತಾನೇ ಹೊತ್ತಿಸುತ್ತದೆ. ಆಗ ನೀವು ಹಾಕಿದ ಇಂಡಿಕೇಟರ್ ಮಿಣುಕುವುದು ಹಿಂದಿನವರಿಗೆ ಕಾಣುವುದೇ ಇಲ್ಲ. ಇದಕ್ಕೆ ಪೆಡಲ್ ಸ್ವಿಚ್ಚಿನ ವೈರಿಗೆ, ಎಳೆಯುವಾಗ ಅದನ್ನು ಕಡಿದಿಡುವ ಒಂದು ರಿಲೇ ಹಾಕಿಸಬೇಕು. ಕೂರಿಸುವವರನ್ನು ಮೊದಲೇ ಕೇಳಿ.

ಹಾಗೇ ಮೋಟರ್‌ಹೋಮ್‌ನಿಂದ ಪಿಕಪ್ ಬ್ಯಾಟರಿಗೆ ಕರೆಂಟ್ ಕೊಡುವ ಒಂದು ಚಾರ್ಜ್ ಲೈನ್ ಬೇಕು. ಸ್ಟೀರಿಂಗ್ ಲಾಕ್ ಆಗದಿರಲು ಕೆಲವು ಗಾಡಿಗಳಲ್ಲಿ ಕೀ ಆನ್ ಇರಬೇಕಾಗುತ್ತದೆ, ಜೊತೆಗೆ ಬ್ರೇಕ್ ಪೆಟ್ಟಿಗೆಯೂ 12 ವೋಲ್ಟ್ ತಿನ್ನುತ್ತದೆ. ಸಂಜೆ ಕ್ಯಾಂಪ್ ತಲುಪಿದಾಗ ಬ್ಯಾಟರಿ ಸತ್ತಿದ್ದರೆ ಹಾಲು ತರಲು ಹೋಗುವುದು ಯಾರು?

ಮಂಡ್ಯ_ಟು_ಟ್ರೇಸಿ

ಇಷ್ಟೆಲ್ಲ ಓದಿದ ಮೇಲೆ ಅಪ್ಪ ಅಮ್ಮನಿಗೆ ಹಂಪಿಯೇ ಸಾಕು ಅನ್ನಿಸುತ್ತಿದೆ.

ಕುಂದಾಪ್ರ_ಆಸ್ಟಿನ್

ಹೆದರಬೇಡಿ ಮಾರಾಯ್ರೆ, ಒಂದು ಸಲ ಕೂರಿಸಿದರೆ ಆಯಿತು. ಆಮೇಲೆ ಹತ್ತು ನಿಮಿಷದ ಕೆಲಸ. ಬರೀ ಆ ಒಂದು ರಸ್ತೆಗೆ ಅಂತಾದರೆ ಇನ್ನೊಂದು ದಾರಿಯೂ ಇದೆ. ಗ್ಲೇಷಿಯರ್‌ನಲ್ಲಿ ಕೆಂಪು ಬಣ್ಣದ ಹಳೇ ಬಸ್ಸುಗಳಿವೆ, 1930ರ ದಶಕದವು, ಮೇಲಿನ ಬಟ್ಟೆ ಸುತ್ತಿ ತೆಗೆದರೆ ಆಕಾಶ ಕಾಣುತ್ತದೆ. ಟಿಕೆಟ್ ತಗೊಂಡು ಹತ್ತಿದರೆ ಡ್ರೈವರ್ ಕಥೆ ಹೇಳುತ್ತಾ ಕರೆದುಕೊಂಡು ಹೋಗುತ್ತಾನೆ. ವರ್ಷಕ್ಕೊಂದು ಸಲ ಹೋಗುವವರಿಗೆ ಅದೇ ಲಾಭ. ಹೊಸ ಪಿಕಪ್, ಟೋ ಬಾರ್, ಬೇಸ್‌ಪ್ಲೇಟ್, ಬ್ರೇಕ್, ವೈರಿಂಗ್ ಎಲ್ಲ ಸೇರಿ ಆಗುವ ಖರ್ಚಿಗೆ ಊರವರನ್ನೆಲ್ಲ ಬಸ್ ಹತ್ತಿಸಬಹುದು.

ಮಂಡ್ಯ_ಟು_ಟ್ರೇಸಿ

ಬಸ್ ಚೆನ್ನಾಗಿದೆ. ಆದರೆ ಬರೀ ಗ್ಲೇಷಿಯರ್ ಅಲ್ಲ ಅಣ್ಣ. ಕ್ಯಾಂಪ್ ಹಾಕಿದ ಮೇಲೆ ಅಂಗಡಿಗೆ, ಅಪ್ಪನಿಗೆ ಮಾತ್ರೆ ತರಲು, ಎಲ್ಲದಕ್ಕೂ ಆ ಮನೆಯನ್ನೇ ಓಡಿಸಿಕೊಂಡು ಹೋಗಬೇಕು. ಅದು ಸಾಕಾಗಿದೆ.

ಹೋಗಿ ಹಿಚ್ ನೋಡಿದೆ. ಫೀನಿಕ್ಸ್ ಮೇಡಂ ಹೇಳಿದ ಹಾಗೇ 5,000. ಹಾಗಾಗಿ ಗ್ಲಾಡಿಯೇಟರ್ ಕೈಬಿಟ್ಟೆ. ಇಲ್ಲೇ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕೊಲೊರಾಡೊ 4x4 ಇದೆ, ನಾಲ್ಕು ಬಾಗಿಲು. ನಾಳೆ ನೋಡಲು ಹೋಗುತ್ತೇನೆ. ಅಲ್ಲಿ ಏನು ಪರೀಕ್ಷೆ ಮಾಡಲಿ?

ಗ್ಯಾರೇಜ್_ಗಂಗಾವತಿ

ಮೊದಲು ಗಾಡಿಯ ಖಾಲಿ ತೂಕ ಎಷ್ಟು ಅಂತ ನೋಡಿ. 4x4 ಕೊಲೊರಾಡೊ ಕೂಡ ತೀರಾ ಹಗುರ ಅಲ್ಲ, ನಿಮ್ಮ ಹಿಚ್‌ಗೆ ಉಳಿಯುವುದು ಸ್ವಲ್ಪವೇ. ಸೈಕಲ್, ಜನರೇಟರ್ ಮೋಟರ್‌ಹೋಮ್‌ನಲ್ಲೇ ಇಡಿ, ಅಲ್ಲೂ ಹಿಂದಿನ ಆಕ್ಸಲ್ ಲೆಕ್ಕ ಮರೆಯಬೇಡಿ.

ಆಮೇಲೆ ಟ್ರಾನ್ಸ್‌ಫರ್ ಕೇಸ್ ಗುಂಡಿಯಲ್ಲಿ 4ಎಲ್ ಮತ್ತು ಎನ್ ಎರಡೂ ಇದೆಯಾ ನೋಡಿ. ಇಲ್ಲದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಇದ್ದರೆ ಬರೀ ನೋಡಿ ಬಿಡಬೇಡಿ, ಹಾಕಿಸಿ ನೋಡಿ. ಓನರ್ಸ್ ಮ್ಯಾನುಯಲ್‌ನಲ್ಲಿ ಹೇಳಿದ ಕ್ರಮದಲ್ಲೇ ಎನ್‌ಗೆ ಹಾಕಿ. ಎಂಜಿನ್ ಓಡುತ್ತಿರುವಾಗ ಬ್ರೇಕ್ ಸ್ವಲ್ಪ ಬಿಟ್ಟು ರಿವರ್ಸ್‌ಗೆ ಹಾಕಿ, ಆಮೇಲೆ ಡ್ರೈವ್‌ಗೆ. ಗಾಡಿ ಎರಡರಲ್ಲೂ ಕದಲಬಾರದು. ಸ್ವಲ್ಪ ಎಳೆದರೂ ಎನ್ ಪೂರ್ತಿ ಬಿದ್ದಿಲ್ಲ ಅಂತ ಅರ್ಥ. ಈ ಪರೀಕ್ಷೆ ಕೊಳ್ಳುವಾಗ ಒಂದು ಸಲ ಅಲ್ಲ, ಪ್ರತಿ ಸಲ ಕಟ್ಟುವಾಗಲೂ ಮಾಡಿ. ಪಾರ್ಕಿಂಗ್ ಬ್ರೇಕ್ ಹಾಕಿಕೊಂಡೇ ಮಾಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಎನ್‌ನಲ್ಲಿ ಇರುವಾಗ ಗೇರ್ ಪಾರ್ಕ್‌ನಲ್ಲಿದ್ದರೂ ಗಾಡಿ ಉರುಳುತ್ತದೆ. ಹಾಗಾಗಿ ಪರೀಕ್ಷೆ ಸಮತಟ್ಟು ಜಾಗದಲ್ಲಿ, ಮುಗಿದ ಕೂಡಲೇ ಪಾರ್ಕಿಂಗ್ ಬ್ರೇಕ್ ಎಳೆಯಿರಿ. ಹೊರಡುವ ಮುಂಚೆ ಅದನ್ನು ಬಿಡುವುದು ಮರೆಯಬೇಡಿ.

ಡೀಸೆಲ್_ಡೆಟ್ರಾಯಿಟ್

ಒಂದು ಅಳತೆ ಪಟ್ಟಿಯನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಬೇಸ್‌ಪ್ಲೇಟ್ ಬರುವ ಎತ್ತರ ನೆಲದಿಂದ ಎಷ್ಟು, ನಿಮ್ಮ ಹಿಚ್ ಎಷ್ಟು ಎತ್ತರ ಬರೆದುಕೊಳ್ಳಿ. ಟೋ ಬಾರ್ ನೆಲಕ್ಕೆ ಹೆಚ್ಚುಕಡಿಮೆ ಸಮ ಇರಬೇಕು. ಮೂರು ನಾಲ್ಕು ಇಂಚಿಗಿಂತ ಜಾಸ್ತಿ ವ್ಯತ್ಯಾಸ ಆಗಬಾರದು, ನಿಖರ ಮಿತಿ ಟೋ ಬಾರ್ ಪುಸ್ತಕದಲ್ಲಿ ಇರುತ್ತದೆ. 4x4 ಪಿಕಪ್ ಎತ್ತರ ಜಾಸ್ತಿ, ಹಿಚ್‌ಗಿಂತ ಮೇಲೆ ಬರುವ ಸಾಧ್ಯತೆ ಇದೆ. ಹಿಂದಿನ ಮಾಲೀಕ ಗಾಡಿಯನ್ನು ಇನ್ನೂ ಎತ್ತರಿಸಿದ್ದರೆ ಬಿಟ್ಟುಬಿಡಿ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಗಾಡಿ ಎಳೆಯುತ್ತಿದ್ದರೆ ವೇಗ ಮಿತಿ 55. ಎರಡೂ ಸೇರಿ 65 ಅಡಿ ದಾಟಬಾರದು, ನಿಮ್ಮದು ಆರಾಮಾಗಿ ಒಳಗಿದೆ.

ಮಂಡ್ಯ_ಟು_ಟ್ರೇಸಿ

ಎನ್ ಇದೆ ಅಂತ ಮಾರುವವರು ಫೋಟೊ ಕಳಿಸಿದ್ದಾರೆ. ಎತ್ತರಿಸಿಲ್ಲ. ಬೆಳಿಗ್ಗೆ ಟೇಪ್ ತಗೊಂಡು ಹೋಗುತ್ತೇನೆ. ರೇಂಜರ್ ಮಾರಾಟಕ್ಕಿದೆ, ಯಾರಿಗಾದರೂ ಮಣ್ಣು ಹೊರುವ ಕೆಲಸ ಇದ್ದರೆ ಮೆಸೇಜ್ ಮಾಡಿ.

ಹಾಸನ_ಹುಡುಗ

ಹಾಸನಕ್ಕೆ ಡೆಲಿವರಿ ಇದೆಯಾ ಅಣ್ಣ?